ಗೆರೆ ಹಿಂದಕ್ಕೆ ಬರಬಾರದು

ಕನ್ನಡದಲ್ಲಿ ಪುಟಗಟ್ಟಲೆ ಬರೆಯುತ್ತೇನೆ. ಆದರೆ ಎದುರಿಗೆ ನಿಂತು ಯಾರಾದರೂ ಏನಾದರೂ ಕೇಳಿದರೆ ‘ಹೂಂ’ ಬಿಟ್ಟು ಬೇರೇನೂ ಹೊರಡುವುದಿಲ್ಲ. ಅದೂ ಎದುರಿನವರಿಗೆ ಬೇಕಾದ ‘ಹೂಂ’. ಇಂಥವಳು ಇನ್ನೊಬ್ಬರನ್ನು ಮಾತಾಡಿಸಿ ಲೇಖನ ಬರೆಯುವುದು ಹೇಗೆ? ದೆಹಲಿಯ ಹೌಜ್ ಖಾಸ್‌ನಿಂದ ಕತ್ತಲಿರುವಾಗಲೇ ಹೊರಟ ಕ್ಯಾಬಿನಲ್ಲಿ, ಫರೀದಾಬಾದ್ ಬರುವವರೆಗೂ ನನಗೆ ಇದೇ ಚಿಂತೆ.

ಯಮುನೆಯ ದಡದ ತಗಡಿನ ಶೆಡ್ಡಿನಲ್ಲಿ, ನಾನು ಮಾತಾಡಿಸಬೇಕಾದ ಕಾವೇರಮ್ಮ ಆಗಲೇ ಕೆಲಸಕ್ಕೆ ಕೂತಿದ್ದಾರೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟರೊಂದು ಮರದ ದಿಮ್ಮಿಗೆ ಕಚ್ಚಿಕೊಂಡು ನಿಂತಿದೆ. ಅವರ ಎಡಗೈಯಲ್ಲಿ ಸ್ಕ್ರೂಡ್ರೈವರ್, ಬಲಗೈಯಲ್ಲಿ ಕೆಂಪು ನೇಲ್ ಪಾಲಿಶ್.

“ಬಂದ್ಯಾ? ಕಣ್ಣು ಚೆನ್ನಾಗಿದೆಯಾ?”

ನಾನು ತಲೆಯಾಡಿಸುತ್ತೇನೆ.

“ಹಾಗಾದ್ರೆ ಇಲ್ಲಿ ಕೂತ್ಕೊ. ಗೆರೆ ನೋಡು.”

ಅಷ್ಟೇ ಪರಿಚಯ. ನಾನು ಬರೆದುಕೊಂಡು ಬಂದ ಪ್ರಶ್ನೆಗಳು ಚೀಲದಲ್ಲೇ ಉಳಿಯುತ್ತವೆ.

ತುಕ್ಕು ಎಂದರೆ ಕೆಂಪು ಎಂದುಕೊಂಡಿದ್ದೆ. ಇಲ್ಲಿ ಅದು ಬೆಳ್ಳಗೆ, ಗೋಡೆಯ ಸುಣ್ಣದ ಪುಡಿಯ ಹಾಗಿದೆ. ಮೋಟರಿನ ಮೈ ಅಲ್ಯೂಮಿನಿಯಂ, ಸ್ಕ್ರೂ ಉಕ್ಕು. ಎರಡರ ನಡುವೆ ಯಮುನೆಯ ನೊರೆ ಸೇರಿತೆಂದರೆ ಬೆಸುಗೆ ಹಾಕಿದಂತೆ ಅಂಟಿಬಿಡುತ್ತವೆ. ಸಿಟ್ಟಿನಿಂದ ತಿರುಗಿಸಿದರೆ ಸ್ಕ್ರೂವಿನ ಕತ್ತು ಮುರಿದು ಮಿಕ್ಕರ್ಧ ಒಳಗೇ ಉಳಿಯುತ್ತದೆ. ಅದಕ್ಕೇ ಕಾವೇರಮ್ಮ ಸ್ಕ್ರೂವಿನ ತಲೆಯ ಮೇಲಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶಿನಲ್ಲಿ ಒಂದು ನೇರ ಗೆರೆ ಎಳೆಯುತ್ತಾರೆ. ಸ್ಕ್ರೂ ಅಲುಗಿದರೆ ಗೆರೆ ಎರಡಾಗುತ್ತದೆ.

“ಎರಡಾದ ತಕ್ಷಣ ಕುಣಿಬಾರದು,” ಎನ್ನುತ್ತಾರೆ. “ಸ್ಕ್ರೂ ಬಿಚ್ಚದೆ ಬರೀ ತಿರುಚಿಕೊಂಡಿದ್ರೂ ಗೆರೆ ಎರಡಾಗುತ್ತೆ. ಕೈ ಸಡಿಲ ಬಿಟ್ಟಾಗ ಹಿಂದಕ್ಕೆ ಬಂದು ಕೂಡಿಕೊಂಡ್ರೆ ಅದು ಸುಳ್ಳು. ಬರದೆ ಅಲ್ಲೇ ನಿಂತ್ರೆ ನಿಜ.”

“ಕಲಿಸಿದ್ದು ನಾನು,” ಎಂದು ಬಾಗಿಲಲ್ಲಿ ಚಹಾ ಹಿಡಿದು ನಿಂತ ಅವರ ಗಂಡ ತಿಮ್ಮಣ್ಣ ದನಿಗೂಡಿಸುತ್ತಾರೆ.

“ಕಲಿತದ್ದು ನಾನು. ಅದನ್ನೂ ಹೇಳ್ರೀ.”

ಗಂಡ ಹೆಂಡತಿ ತಮ್ಮೊಳಗೆ ಮಾತಾಡುವುದು ಕೊಡವ ಭಾಷೆ. ಇವತ್ತು ನನ್ನ ಸಲುವಾಗಿ ಕನ್ನಡದಲ್ಲಿ ಜಗಳವಾಡುತ್ತಿದ್ದಾರೆ. ತಿಮ್ಮಣ್ಣ ಸೇನೆಯಲ್ಲಿ ದೋಣಿ ಮೋಟರುಗಳ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯ ನಂತರ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದು, ಬಿಡುವಿನಲ್ಲಿ ಈ ಶೆಡ್ಡು ನಡೆಸಿದರು. ಕಾವೇರಮ್ಮ ಮೊದಮೊದಲು ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆದುಕೊಡುತ್ತಿದ್ದರಷ್ಟೆ. ಆಮೇಲೆ ತಿಮ್ಮಣ್ಣನ ಭುಜದ ನೋವು ಹೆಚ್ಚಾಯಿತು. ರಿಪೇರಿಗೆ ಬಂದವರು “ಭಾಯಿಸಾಬ್ ಇಲ್ವಾ?” ಎಂದು ಕೇಳಿ ಮೋಟರು ಹೊತ್ತು ವಾಪಸಾದ ವರ್ಷಗಳಿದ್ದವು. ಈಗ ಹಾಗಿಲ್ಲ. ಮಳೆಗೆ ಮುಂಚಿನ ಈ ವಾರಗಳಲ್ಲಂತೂ ದಿನಕ್ಕೊಂದು ಮೋಟರು ಬರುತ್ತದೆ. ಬಂದವರು ಕೇಳುವುದು ‘ಅಮ್ಮಾಜಿ’ಯನ್ನೇ.

“ಇವರ ಭುಜದ ನೋವು ಬಿಡು, ಬುದ್ಧಿ ಹೇಳ್ತೀನಿ ಕೇಳು,” ಕಾವೇರಮ್ಮ ನನ್ನ ಕಡೆ ವಾಲುತ್ತಾರೆ. “ಸ್ಕ್ರೂ ಹತ್ರಾನೂ ಯುದ್ಧಕ್ಕೆ ಹೋದ ಹಾಗೆ ಹೋಗೋರು. ಗೆರೆ ನೋಡೋಕೆ ಕೂರಿಸಿದ್ರೆ ಇವರ ಕಣ್ಣಿಗೆ ಎಲ್ಲಾ ತಿರುಗಿದ ಹಾಗೇ ಕಾಣುತ್ತೆ!”

“ಆಶಾವಾದಿ ನಾನು,” ಎನ್ನುತ್ತಾರೆ ತಿಮ್ಮಣ್ಣ ಗಂಭೀರವಾಗಿ.

ಮೋಟರಿನ ಯಜಮಾನ ಜಗಬೀರ್ ಉಗುರು ಕಚ್ಚುತ್ತ ಹೊರಗೆ ಅಡ್ಡಾಡುತ್ತಿದ್ದಾನೆ. ನದಿಯ ಪಾತ್ರದಲ್ಲಿ ತರಕಾರಿ ಬೆಳೆಯುವ ಮನೆಗಳಿಗೆ ಅವನ ದೋಣಿಯೊಂದೇ ದಾರಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರಂತೆ, ಮಧ್ಯಾಹ್ನದೊಳಗೆ ಮಕ್ಕಳು ಮುದುಕರನ್ನೆಲ್ಲ ಈಚೆಗೆ ತರಬೇಕು. ಇದು ಹಳೆಯ ಮಾಡೆಲ್ಲು, ಬದಲಿ ಭಾಗ ಎಲ್ಲೂ ಸಿಗುವುದಿಲ್ಲ. ತಣಿಸುವ ನೀರು ಹರಿಯುವ ದಾರಿ ಒಳಗೆ ಕಟ್ಟಿಕೊಂಡಿದೆ. ಅದರ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಮೂರು ಬಂದಿವೆ. ಆ ಮೂರಕ್ಕೂ ನಾನು ತಲೆಯಾಡಿಸಿಯೇ ಉತ್ತರ ಕೊಟ್ಟು ಬೈಸಿಕೊಂಡಿದ್ದೇನೆ.

“ಬಾಯಲ್ಲಿ ಹೇಳು ಮಗಳೇ! ನನ್ನ ಮುಖ ಸ್ಕ್ರೂಡ್ರೈವರ್ ಮೇಲಿದೆ. ನೀನು ತಲೆ ಆಡಿಸಿದ್ರೆ ನನಗೇನು ಕಾಣುತ್ತೆ, ನಿನ್ನ ಜುಮುಕಿನಾ?”

ನಾಲ್ಕನೆಯದು ಹಟಮಾರಿ. ಕಾವೇರಮ್ಮ ಗ್ಯಾಸ್ ಟಾರ್ಚಿನಿಂದ ಸುತ್ತಲೂ ಬಿಸಿ ಮಾಡಿ, ಮೇಣದಬತ್ತಿ ತಾಗಿಸುತ್ತಾರೆ. ಕರಗಿದ ಮೇಣ ಸಂದಿಗೆ ಇಳಿಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಬಿಚ್ಚುವ ಮೊದಲು ಒಂದಿಷ್ಟು ಬಿಗಿದು, ಗೆರೆ ಎಳೆಯುತ್ತಾರೆ. ಆಮೇಲೆ ಭುಜದ ಭಾರವನ್ನೆಲ್ಲ ಹಾಕಿ ಬಿಚ್ಚುವ ಕಡೆಗೆ ತಿರುಗಿಸುತ್ತಾರೆ. ಗೆರೆ ಎರಡಾಗುತ್ತದೆ.

“ತಿರುಗಿತು!” ತಿಮ್ಮಣ್ಣ ಕೂಗುತ್ತಾರೆ.

“ಖುಲ್ ಗಯಾ?” ಬಿಚ್ಚಿತೇ ಎನ್ನುತ್ತ ಜಗಬೀರ್ ಓಡಿ ಬರುತ್ತಾನೆ. “ಅರೆ ವಾಹ್ ಅಮ್ಮಾಜಿ!”

ಕಾವೇರಮ್ಮ ಕೈ ಸಡಿಲಿಸುತ್ತಾರೆ. ಕೆಂಪು ಗೆರೆ ಸದ್ದಿಲ್ಲದೆ ಹಿಂದಕ್ಕೆ ಬಂದು ಕೂಡಿಕೊಳ್ಳುತ್ತದೆ. ಅದನ್ನು ಕಂಡವಳು ನಾನೊಬ್ಬಳೇ. ಕಾವೇರಮ್ಮ ಮತ್ತೆ ಹಿಡಿ ಬಿಗಿ ಮಾಡುತ್ತಿದ್ದಾರೆ. ಜಗಬೀರ್ ನಗುತ್ತಿದ್ದಾನೆ, ತಿಮ್ಮಣ್ಣ ನಗುತ್ತಿದ್ದಾರೆ. ಗಂಟಲ ತುದಿಗೆ ‘ಹೂಂ’ ಬಂದು ನಿಂತಿದೆ. ಅದನ್ನು ನುಂಗಿ ಕಾವೇರಮ್ಮನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಡುತ್ತೇನೆ.

ಕಾವೇರಮ್ಮ ತಲೆ ಎತ್ತುತ್ತಾರೆ. ಗೆರೆ ನೋಡುತ್ತಾರೆ, ಗಂಡನನ್ನು ನೋಡುತ್ತಾರೆ. “ನೋಡಿದ್ರಾ ನಿಮ್ಮ ತಿರುಗಿದ್ದು? ಇನ್ನೊಂದು ಪಟ್ಟು ಹಾಕಿದ್ರೆ ಕತ್ತು ಮುರೀತಿತ್ತು.” ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ತಿಮ್ಮಣ್ಣನಿಗೂ ನಗು ತಡೆಯುವುದಿಲ್ಲ.

ಮತ್ತೆ ಬಿಸಿ, ಮತ್ತೆ ಮೇಣ. ಲೋಹ ತಣಿಯುವವರೆಗೆ ಚಹಾ. ಆಗ ನನ್ನ ಒಂದೇ ಒಂದು ಪ್ರಶ್ನೆ ಹೇಗೋ ಹೊರಬೀಳುತ್ತದೆ: ನಿಮಗೇನು ಬೇಕು ಆಂಟಿ?

“ನನಗಾ? ಗೆರೆ ನೋಡಿ ಇದ್ದದ್ದು ಇದ್ದ ಹಾಗೆ ಹೇಳೋರು ಒಬ್ಬರು. ಇನ್ನೇನು ಬೇಕು? ಕೈ ನಂದೇ ಇದೆಯಲ್ಲ.” ಲೋಟ ಕೆಳಗಿಟ್ಟು, ಹೊಸದಾಗಿ ಗೆರೆ ಎಳೆದು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ. “ಚಲೋ, ಶುರು ಮಾಡೋಣ. ಈ ಸಲ ಕೈ ಹಿಡಿಬೇಡ. ಬಾಯಿ ಬೇಕು.”

ಭಾರ ಬೀಳುತ್ತದೆ. ಗೆರೆ ಎರಡಾಗುತ್ತದೆ. ತಿಮ್ಮಣ್ಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಾರೆ. ಕಾವೇರಮ್ಮ ಹಿಡಿ ಸಡಿಲಿಸುತ್ತಾರೆ. ನಾನು ಕಾಯುತ್ತೇನೆ. ಕೆಂಪು ತುಂಡುಗಳೆರಡರ ನಡುವೆ ಕೂದಲೆಳೆಯಷ್ಟು ಬೆಳ್ಳಗೆ ಲೋಹ ಹೊಳೆಯುತ್ತದೆ. ಹೊಳೆಯುತ್ತಲೇ ಇದೆ, ಮುಚ್ಚಿಕೊಳ್ಳುವುದಿಲ್ಲ.

“ಏನಾಯ್ತು?” ಎಂದು ಕಾವೇರಮ್ಮ ತಲೆ ಎತ್ತದೆಯೇ ಕೇಳುತ್ತಾರೆ.

“ತಿರುಗಿತು ಆಂಟಿ,” ಎನ್ನುತ್ತೇನೆ, ಹೊರಗೆ ದೋಣಿಯವರೆಗೂ ಕೇಳುವಷ್ಟು ಜೋರಾಗಿ. “ನಿಜವಾಗ್ಲೂ ತಿರುಗಿತು.”