ಗಂಡನನ್ನು ಬಿಟ್ಟುಬರಲು ಬಾದಾಮಿಗೆ

ಬೆಳಗಿನ ಏಳರ ಬಸ್ಸಿಗೆ ಇಳಕಲ್ಲಿನಿಂದ ಹೊರಟೆವು, ನಾನು ಮತ್ತು ನನ್ನ ಯಜಮಾನರು. ಬಾದಾಮಿ ದಾಟಿ ಕುಳಗೇರಿ ಕ್ರಾಸಿನ ದಾರಿಯಲ್ಲಿ ಚಟ ಬಿಡಿಸುವ ಕೇಂದ್ರವೊಂದಿದೆ. ಅವರನ್ನು ಅಲ್ಲಿ ಎರಡನೇ ಸಲ ಸೇರಿಸಬೇಕಿತ್ತು. ಕ್ವಾರಿಯಲ್ಲಿ ಸೊಂಟ ಹಿಡಿದಾಗ ನುಂಗಲು ಶುರುಮಾಡಿದ ನೋವಿನ ಗುಳಿಗೆ ಅವರನ್ನೇ ನುಂಗುತ್ತಿತ್ತು. ಕಳೆದ ವರ್ಷ ಅಲ್ಲಿದ್ದು ಗುಳಿಗೆ ಬಿಟ್ಟು ಬಂದರು, ಎಂಟು ತಿಂಗಳು ಮುಟ್ಟಲಿಲ್ಲ. ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ, ಹುಚ್ಚಿ ನಾನು! ಯುಗಾದಿ ಆದಮೇಲೆ ಮತ್ತೆ ಹಿಡಿದರು.

ಒಳಗೆ ಗುಳಿಗೆ ಒಯ್ದದ್ದು ಸಿಕ್ಕರೆ ಅವತ್ತೇ ಹೊರಗೆ, ಇನ್ನೊಮ್ಮೆ ಸೇರಿಸಿಕೊಳ್ಳುವುದಿಲ್ಲ ಎಂದು ಅಲ್ಲಿನ ಡಾಕ್ಟರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕೇ ಹೊರಡುವ ಮೊದಲು ಬಟ್ಟೆಬರೆ ಜಾಲಾಡಿದ್ದೆ. ಇಪ್ಪತ್ತು ವರ್ಷ ಮಗ್ಗದ ಮೇಲೆ ಸೀರೆ ನೇಯ್ದ ಬೆರಳುಗಳಿವು, ಒಂದು ಎಳೆ ಹೆಚ್ಚಾದರೂ ತಿಳಿಯುತ್ತದೆ. ಅಂಗಿಯ ಪಟ್ಟಿ, ಲುಂಗಿಯ ಅಂಚು, ಚಪ್ಪಲಿಯ ಅಟ್ಟೆ ಎಲ್ಲ ನೋಡಿದೆ. ಏನೂ ಸಿಗಲಿಲ್ಲ. ಗೆದ್ದೆ ಅಂದುಕೊಂಡೆ.

ಹುನಗುಂದಕ್ಕೆ ಅರ್ಧ ಗಂಟೆ. ಅಲ್ಲಿ ಬಾಗಲಕೋಟೆಯ ಬಸ್ಸು ಹಿಡಿದೆವು. ಹೆಂಗಸರಿಗೆ ಪುಕ್ಕಟೆಯಾದ್ದರಿಂದ ಟಿಕೆಟಿನ ಖರ್ಚು ಅವರೊಬ್ಬರದೇ. ಅಮೀನಗಡ ಬರುವಷ್ಟರಲ್ಲಿ ಗುಳಿಗೆಯಿಲ್ಲದೆ ಅವರಿಗೆ ಆಕಳಿಕೆ, ಬೆವರು, ಕಾಲಿನ ಸೆಳೆತ ಶುರುವಾದವು. ಮೇ ತಿಂಗಳ ಬಿಸಿಲಿನಲ್ಲೂ ನನ್ನ ಸೆರಗೆಳೆದು ಹೊದ್ದುಕೊಂಡು ನಡುಗುತ್ತಿದ್ದರು.

“ಯಾಕ್ರಿ ಅಕ್ಕಾರ, ಜ್ವರಾ ಏನ್ರಿ?” ಎಂದ ಕಂಡಕ್ಟರ್.

“ಹೌದ್ರಿ, ಜ್ವರಾ,” ಅಂದೆ. ಖರೆ ಹೇಳಲು ನಾಚಿಕೆಯಾಯಿತು.

ಬಾಗಲಕೋಟೆ ನಿಲ್ದಾಣದಲ್ಲಿ ಇಳಿದವರೇ ಮೂತ್ರಿಖಾನೆಗೆ ಹೋದರು. ಗಂಡಸರ ಮೂತ್ರಿಖಾನೆಯೊಳಗೆ ನಾನು ಹೋಗಲು ಬರುತ್ತದೆಯೇ? ಹೊರಗೆ ಚೀಲ ಹಿಡಿದು ನಿಂತೆ. ಬಾದಾಮಿಯ ಬಸ್ಸಿಗೆ ಒಂದು ಗಂಟೆ ಕಾಯಬೇಕಾಯಿತು. ಕಾಯುತ್ತ ಕೂತಲ್ಲೇ ಅವರ ನಡುಕ ನಿಂತಿತು, ಮುಖಕ್ಕೆ ಕಳೆ ಬಂತು. “ಮಿರ್ಚಿ ತಿನ್ನೂಣೇನು?” ಎಂದು ನಕ್ಕರು.

“ಖರೆ ಹೇಳ್ರಿ. ತಗೊಂಡ್ರಿ?”

“ಎಲ್ಲಿಂದ ತಗೊಳ್ಳಲಿ? ಎಲ್ಲಾ ನೀನ ಹುಡುಕೀದಿ ಅಲ್ಲಾ?” ಅಂಗಿಯೊಳಗೆ ಕೈ ಹಾಕಿ ಕೊರಳಿನ ಕರಡಿಗೆ ಹಿಡಿದುಕೊಂಡರು. “ಲಿಂಗದ ಆಣಿ, ಗಂಗಾ.”

ಕರಡಿಗೆಯೆಂದರೆ ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಡಬ್ಬಿ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಹೆಂಡತಿಯಾದರೂ ಅಷ್ಟೇ. ಕಳೆದ ಸಲ ಕೇಂದ್ರದ ಅಟೆಂಡರ್ ಅದನ್ನು ಬಿಚ್ಚಿ ತೋರಿಸಿ ಎಂದಾಗ, ಲಿಂಗಕ್ಕೆ ಕೈ ಹಚ್ಚುತ್ತೀಯಾ ಎಂದು ಜಗಳ ತೆಗೆದವಳು ನಾನು. ಬಾದಾಮಿಯ ಬಸ್ಸಿನಲ್ಲಿ ಅದು ನೆನಪಾಯಿತು. ಯಾರೂ ಕೈ ಹಾಕದ ಜಾಗ ಯಾವುದೆಂದು ಅವರಿಗೆ ತೋರಿಸಿಕೊಟ್ಟವಳೇ ನಾನು.

ಬಾದಾಮಿಯಲ್ಲಿ ಪ್ರವಾಸಿಗರು ಪಟ್ಟದಕಲ್ಲಿಗೆ ಆಟೋ ಮಾತಾಡುತ್ತಿದ್ದರು. “ಗುಡಿ ನೋಡಾಕ ಬಂದೀರೇನ್ರಿ?” ಎಂದು ಒಬ್ಬ ಆಟೋದವನು ನಮ್ಮನ್ನೂ ಕೇಳಿದ. ಕುಳಗೇರಿ ಕ್ರಾಸಿನ ಬಸ್ಸು ಹತ್ತಿದೆವು.

ಕೇಂದ್ರದ ಗೇಟಿನಲ್ಲಿ ಅದೇ ಅಟೆಂಡರ್. ಚೀಲ ನೋಡಿದ, ಜೇಬು ನೋಡಿದ. ಕರಡಿಗೆಯ ದಾರ ಕೈಗೆ ತಾಕಿದ್ದೇ ಹಿಂದೆ ಸರಿದ. “ಇದು ಇರ್ಲಿ ಬಿಡ್ರಿ ಅಕ್ಕಾರ. ಹಿಂದಿನ ಸಲ ಭಾಳ ಬೈದಿದ್ರಿ.”

ಯಜಮಾನರು ನೆಲ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವರ ಮಾನ ಉಳಿಯುತ್ತಿತ್ತು.

“ತಡೀರಿ,” ಅಂದೆ.

“ಗಂಗಾ, ಮುಟ್ಟಬ್ಯಾಡ,” ಎಂದರು ಸಣ್ಣ ದನಿಯಲ್ಲಿ. ಮುಟ್ಟಿದೆ. ಮುಚ್ಚಳ ತೆಗೆದೆ. ಒಳಗೆ ಅರಿವೆಯಲ್ಲಿ ಸುತ್ತಿದ ಗುಳಿಗೆಗಳು. ಲಿಂಗ ಇರಲಿಲ್ಲ.

“ಲಿಂಗ ಎಲ್ಲೈತ್ರಿ?”

“ಎಲ್ಲೋ ಇಟ್ಟೇನಿ. ನೆನಪಿಲ್ಲ.”

ಲಿಂಗ ಕಳೆದರೆ ಜೀವ ಕಳೆದಂತೆ ಎನ್ನುತ್ತಿದ್ದ ಮನುಷ್ಯ. ಪೂಜೆಯಿಲ್ಲದೆ ಒಂದು ಗುಟುಕು ಚಹಾ ಕುಡಿದವರಲ್ಲ. ದಾರ ಬಿಚ್ಚಿ ಕರಡಿಗೆಯನ್ನು ಅವರ ಕೊರಳಿನಿಂದ ತೆಗೆದುಕೊಂಡೆ.

ಅಟೆಂಡರ್ ಗುಳಿಗೆಗಳನ್ನು ತೆಗೆದುಕೊಂಡ. “ಗೇಟಿನ ಹೊರಗ ಸಿಕ್ಕಾವು, ನಡೀತೈತಿ. ಒಳಗ ಬರ್ರಿ,” ಎಂದ. ಆ ಪುಣ್ಯಾತ್ಮನಿಗೆ ಕೈ ಮುಗಿದೆ.

ಗೇಟು ದಾಟುವ ಮುಂಚೆ ಯಜಮಾನರು ಕೈ ಚಾಚಿದರು. “ಖಾಲಿ ಇದ್ರೂ ಕರಡಗಿ ಕೊಡು. ಕೊಳ್ಳ ಬರಿದು ಮಾಡ್ಕೊಂಡು ಹೆಂಗಿರ್ಲಿ?” ಕಣ್ಣಲ್ಲಿ ನೀರಿತ್ತು. ಆ ನೀರು ಖರೆಯೋ, ಅದೂ ಒಂದು ಆಟವೋ, ಹದಿನೆಂಟು ವರ್ಷ ಜೊತೆಗೆ ಬಾಳಿದವಳಿಗೆ ತಿಳಿಯಲಿಲ್ಲ. ಕೊಡಲಿಲ್ಲ.

ರಸ್ತೆಗೆ ಬಂದು ಮೂರು ಗಂಟೆಯ ಬಸ್ಸು ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಿದರೆ ಇನ್ನೂ ಗೇಟಿನ ಬಳಿಯೇ ನಿಂತಿದ್ದರು. ಒಂದು ಕೈ ಸರಳು ಹಿಡಿದಿತ್ತು, ಇನ್ನೊಂದು ಬರಿಯ ಎದೆಯನ್ನು ತಡಕುತ್ತಿತ್ತು. ಇಳಿದು ಹೋಗಿ ಕೊಟ್ಟುಬಿಡಲೇ ಎನಿಸಿತು. ಇಳಿಯಲಿಲ್ಲ.