ಎರಡು ತೂತಿನ ಪೆಟ್ಟಿಗೆ

ಅವರ ಬಲಗೈ ತೋರುಬೆರಳಿನ ಉಗುರಂಚಿನಲ್ಲಿ ಯಾವಾಗಲೂ ಸೆಗಣಿಯ ಹಸಿರು ಗೆರೆ ಇರುತ್ತಿತ್ತು. ಮೈಮೇಲೆ ಇಸ್ತ್ರಿ ಹಾಕಿದ ಬಿಳಿ ಕೋಟು, ಹಣೆಯಲ್ಲಿ ಗಂಧ. ಬೆರಳು ಮಾತ್ರ ಆಗತಾನೇ ಹಟ್ಟಿಯಿಂದ ಎದ್ದು ಬಂದ ಹಾಗೆ. ಕುಂಬಳೆ ಕಡೆಯ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರನ್ನು ನಾವು ಬೆನ್ನ ಹಿಂದೆ ಸೆಗಣಿ ಮಾಷ್ಟ್ರು ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. "ಸೆಗಣಿಗೆ ಬೇಜಾರಿಲ್ಲದಿದ್ದರೆ ನನಗೂ ಇಲ್ಲ" ಎಂದು ನಗುತ್ತಿದ್ದರು.

ಸೆಗಣಿ ಬೇಕಾಗಿದ್ದುದು ಒಂದು ಬೂಷ್ಟಿಗಾಗಿ. ಹಸಿ ಸೆಗಣಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಕೂದಲಿನಷ್ಟು ಸಪೂರದ, ಗಾಜಿನಂಥ ದಂಟುಗಳು ಏಳುತ್ತವೆ. ಪ್ರತಿಯೊಂದರ ತುದಿಯಲ್ಲೂ ನೀರ ಹನಿಯಂಥ ಒಂದು ಉಬ್ಬು, ಅದರ ಮೇಲೆ ಕಪ್ಪು ಟೊಪ್ಪಿ. ಬೆಳಕು ಬರುವ ಕಡೆಗೆ ದಂಟು ಬಗ್ಗುತ್ತದೆ. ಬೆಳಗ್ಗೆ ಉಬ್ಬು ಒಡೆದು ಟೊಪ್ಪಿ ಆ ಬೆಳಕಿಗೇ ಹಾರಿ ಅಂಟಿಕೊಳ್ಳುತ್ತದೆ. ಆ ಟೊಪ್ಪಿಯೊಳಗೇ ಅದರ ಬೀಜ.

ಶಾಲೆಯ ಚರ್ಚಾಕೂಟದಲ್ಲಿ ನನ್ನನ್ನು ಸೋಲಿಸಿದವರಿರಲಿಲ್ಲ. ಹಾಗಾಗಿ ಕ್ಲಾಸಿನಲ್ಲೇ ಎದ್ದು ನಿಂತೆ. "ಕಣ್ಣಿಲ್ಲ, ಮಿದುಳಿಲ್ಲ. ಬೆಳಕು ಅದಕ್ಕೆ ಕಾಣುವುದು ಹೇಗೆ ಮಾಷ್ಟ್ರೇ?"

"ಕಾಣುತ್ತದೆ ಅಂತ ನಾನೆಲ್ಲಿ ಹೇಳಿದೆ? ಬಗ್ಗುತ್ತದೆ ಅಂತ ಹೇಳಿದೆ. ದನ ತಾನು ಸೆಗಣಿ ಹಾಕಿದಲ್ಲಿ ಮೇಯುವುದು ನೋಡಿದ್ದೀಯಾ?"

"ಇಲ್ಲ."

"ಮತ್ತೆ? ಬೀಜ ದೂರದ ಹುಲ್ಲಿಗೆ ಬೀಳಬೇಕು, ದನದ ಹೊಟ್ಟೆಗೆ ಹೋಗಬೇಕು, ಪುನಃ ಸೆಗಣಿಯಲ್ಲಿ ಬರಬೇಕು. ಬೆಳಕಿನ ಕಡೆ ಬಗ್ಗಿದ್ದಕ್ಕೆ ಬಯಲು ಸಿಕ್ಕಿತು, ಅದರ ಸಂತಾನ ಬೆಳೆಯಿತು. ಕತ್ತಲಿಗೆ ಹಾರಿಸಿದ್ದು ಅಲ್ಲೇ ಮುಗಿಯಿತು. ಲಕ್ಷಗಟ್ಟಲೆ ವರ್ಷ ಇದೇ ಕಥೆ."

"ಮೊದಲು ಬಗ್ಗಿದ್ದಕ್ಕೆ ಹೇಳಿಕೊಟ್ಟದ್ದು ಯಾರು?"

"ಯಾರೂ ಇಲ್ಲ. ಅದು ಹುಟ್ಟಿದ್ದೇ ಸ್ವಲ್ಪ ಓರೆ. ನಿನ್ನ ಮನೆಯಲ್ಲಿ ಎಲ್ಲರೂ ನಿನ್ನ ಹಾಗೆಯೇ ವಾದ ಮಾಡುತ್ತಾರಾ ಮಾರಾಯ?"

ಕ್ಲಾಸು ನಕ್ಕಿತು. ನಾನು ಬಿಡಲಿಲ್ಲ. ಎರಡು ಕಡೆಯಿಂದ ಒಂದೇ ಸಮ ಬೆಳಕು ಬಂದರೆ ಆಗ ಎಂತ ಮಾಡುತ್ತದೆ? ಎರಡು ಕಡೆಗೆ ಎಳೆದ ಬಂಡಿಯಂತೆ ನಡುವೆಯೇ ಹೋಗಬೇಕು ಎಂಬುದು ನನ್ನ ವಾದ.

"ನಡುವೆ ಕತ್ತಲೆ. ಅಲ್ಲಿ ಹುಲ್ಲಿಲ್ಲ" ಎಂದರು ಅವರು. "ಎರಡರಲ್ಲಿ ಒಂದಕ್ಕೇ ಗುರಿ ಇಡುತ್ತದೆ. ನನ್ನ ಬಾಯಿಮಾತು ಬೇಡ, ಮಾಡಿಯೇ ನೋಡುವ."

ಹಳೆಯ ಚಹಾ ಪೆಟ್ಟಿಗೆಯ ಒಂದು ಬದಿಗೆ ಗಾಜು ಕೂರಿಸಿ, ಕಪ್ಪು ಕಾಗದ ಅಂಟಿಸಿ, ಅದರಲ್ಲಿ ಎರಡು ತೂತು ಕೊರೆದೆವು. ಟೊಪ್ಪಿಗಳು ಗಾಜಿಗೆ ಬಡಿಯುವ ಸದ್ದು ಪೆಟ್ಟಿಗೆಯ ಹೊರಗೂ ಸಣ್ಣಗೆ ಕೇಳುತ್ತಿತ್ತು. ಅವರು ಅದಕ್ಕೆ ಕಿವಿಯಾನಿಸಿ ಕೂತಿರುತ್ತಿದ್ದರು. ಕೆಲವು ದಿನಗಳ ಮೇಲೆ ಗಾಜು ಬಿಚ್ಚಿದಾಗ ಎರಡು ತೂತಿನ ಜಾಗದಲ್ಲಿ ಎರಡು ಕಪ್ಪು ಗುಂಪುಗಳಿದ್ದವು. ನಡುವೆ ಅಲ್ಲೊಂದು ಇಲ್ಲೊಂದು ಚುಕ್ಕೆ.

"ಸೋತೆ ಮಾಷ್ಟ್ರೇ" ಎಂದೆ.

ಅವರು ಗಾಜನ್ನು ತೆಗೆದುಕೊಂಡು ಬೆರಳ ತುದಿಯಿಂದ ಸವರಿದರು. ಎಡಗಡೆ ಬೆರಳು ತಡೆದು ನಿಂತಿತು. ನಡುವೆ ಬೆರಳು ನುಣ್ಣಗೆ ಜಾರಿತು. ಬಲಗಡೆ ಪುನಃ ನಿಂತಿತು. "ಹೂಂ, ಉಂಟು."

"ನಾನು ಹೇಳಿದೆನಲ್ಲ?"

"ನೀನು ಹೇಳಿದ್ದಕ್ಕೇ ಒಪ್ಪಿಕೊಂಡರೆ ನಾನು ಎಂಥ ಮಾಷ್ಟ್ರು?"

ಅವರ ಕಣ್ಣು ಗಾಜಿನ ಮೇಲೆ ಇರಲೇ ಇಲ್ಲ. ಅದು ನನಗೆ ಹೊಳೆದದ್ದು ಆಗ. ಹಾಜರಿಯನ್ನು ದನಿ ಕೇಳಿಯೇ ಗುರುತಿಸುವುದು, ಪುಸ್ತಕವನ್ನು ನಮ್ಮಿಂದಲೇ ಓದಿಸುವುದು, ಎಲ್ಲಕ್ಕೂ ಒಟ್ಟಿಗೇ ಅರ್ಥ ಬಂತು. ನಾನು ಸುಮ್ಮನಾದದ್ದರಿಂದಲೇ ಅವರಿಗೂ ತಿಳಿಯಿತು.

"ಮಂಗಳೂರಿನ ಡಾಕ್ಟ್ರು ಮದ್ದಿಲ್ಲ ಅಂದಿದ್ದಾರೆ" ಎಂದರು. "ಕ್ಲಾಸು ಬಿಟ್ಟರೆ ನನಗೆ ಬೇರೆ ಎಂತದೂ ಗೊತ್ತಿಲ್ಲ. ನಿಮ್ಮ ಪರೀಕ್ಷೆವರೆಗಾದರೂ ಪಾಠ ಮಾಡುತ್ತೇನೆ. ಅಷ್ಟರ ತನಕ ಬಾಯಿ ಮುಚ್ಚಿರು. ನಿನಗೆ ಕಷ್ಟ, ಗೊತ್ತುಂಟು."

ಮುಚ್ಚಿಯೇ ಇದ್ದೆ. ಆದರೆ ಪರೀಕ್ಷೆಗೆ ಮೊದಲು ಇನ್ಸ್‌ಪೆಕ್ಟರರು ಬಂದರು.

ದೊಡ್ಡವರು ಬರುವ ದಿನ ಶಾಲೆಯಲ್ಲಿ ಸೆಗಣಿಯ ಕಲೆ ಇರಬಾರದೆಂದು ನಮ್ಮ ಜವಾನ ಬೆಳಿಗ್ಗೆಯೇ ಎಲ್ಲ ಸಾಮಾನನ್ನೂ ಬೂದಿ ಹಾಕಿ ಉಜ್ಜಿದ್ದ. ಒಳ್ಳೆಯ ಮನುಷ್ಯ, ಮಾಷ್ಟ್ರ ಮರ್ಯಾದೆ ಉಳಿಯಲಿ ಎಂದೇ ಮಾಡಿದ್ದು. ಗಾಜನ್ನೂ ತೊಳೆದು ಇದ್ದಲ್ಲೇ ಇಟ್ಟಿದ್ದ.

ಮಾಷ್ಟ್ರು ಗಾಜನ್ನು ಎತ್ತಿಕೊಂಡರು. ಪರರ ಎದುರು ಸವರಿದರೆ ಗುಟ್ಟು ಬಯಲಾದೀತೆಂದು ಅಂಚುಗಳನ್ನಷ್ಟೇ ಹಿಡಿದಿದ್ದರು. ಅದನ್ನು ಇನ್ಸ್‌ಪೆಕ್ಟರರ ಮುಖದ ನೇರಕ್ಕೆ ಎತ್ತಿ, ಹಬ್ಬದ ದಿನದ ದನಿಯಲ್ಲಿ ಹೇಳಿದರು: "ನೋಡಿ ಸರ್, ಎರಡು ಗುಂಪು. ನಡುವೆ ಖಾಲಿ."

ಗಾಜಿನಾಚೆ ಇನ್ಸ್‌ಪೆಕ್ಟರರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಕ್ಲಾಸಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಆ ಮೌನದಲ್ಲಿ ಮಾಷ್ಟ್ರ ನಗು ಮೆಲ್ಲನೆ ಇಳಿಯಿತು.

ನಾನು ಎದ್ದೆ. "ನಿನ್ನೆಯವರೆಗೂ ಇತ್ತು ಸರ್. ನಾವೆಲ್ಲ ಕಂಡಿದ್ದೇವೆ. ಇವತ್ತು ಜವಾನರು ತೊಳೆದಿದ್ದಾರೆ."

ಇನ್ಸ್‌ಪೆಕ್ಟರರು ಕೆಟ್ಟವರಲ್ಲ. ಮೆತ್ತಗೆ ಕೇಳಿದರು: "ಸರಿಯಪ್ಪ. ತೊಳೆದದ್ದು ಇವರಿಗೆ ಕಾಣಲಿಲ್ಲವೇ?"

ಎಷ್ಟೋ ವೇದಿಕೆಗಳಲ್ಲಿ ಉತ್ತರ ಕೊಟ್ಟವನು ನಾನು. ಆ ಪ್ರಶ್ನೆ ಕೇಳಿ ಬೆಂಚಿನಲ್ಲಿ ಕೂತುಬಿಟ್ಟೆ. ಸಂಜೆ ಮಾಷ್ಟ್ರು ನನ್ನ ಭುಜ ಹಿಡಿದು ಬಸ್ಸಿನವರೆಗೆ ನಡೆದರು. "ನಿನ್ನ ವಾದ ಸರಿಯೇ ಇತ್ತು. ಅವರ ಪ್ರಶ್ನೆಯೂ ಸರಿ ಇತ್ತು. ಹಾಗೂ ಆಗುತ್ತದೆ ಮಾರಾಯ" ಎಂದರು. ನಮ್ಮ ಪರೀಕ್ಷೆಯ ಹೊತ್ತಿಗೆ ಅವರ ಕುರ್ಚಿಯಲ್ಲಿ ಬೇರೊಬ್ಬರಿದ್ದರು.

ಆಮೇಲೆ ಅವರು ಸೀತಾಂಗೋಳಿಯ ಹತ್ತಿರ ಅಕ್ಕನ ಮನೆಯಲ್ಲಿದ್ದರು. ಕಾಲೇಜಿನ ರಜೆಯಲ್ಲಿ ಹೋದಾಗಲೆಲ್ಲ ಜಗಲಿಯಲ್ಲಿ ಬೆಳಕಿನ ಕಡೆ ಮುಖ ಮಾಡಿ ಕೂತಿರುತ್ತಿದ್ದರು. "ಈಗ ನಾನೂ ಅದರ ಜಾತಿಯೇ" ಎಂದು ನಗಿಸಲು ನೋಡಿದರು ಒಮ್ಮೆ. "ಕಾಣುವುದಿಲ್ಲ, ಬಗ್ಗುತ್ತೇನೆ." ನನಗೆ ನಗು ಬರಲಿಲ್ಲ. ಬೂಷ್ಟು ಬಗ್ಗಿದರೆ ಅದಕ್ಕೆ ಬಯಲು ಸಿಗುತ್ತದೆ. ಇವರಿಗೆ ಸಿಕ್ಕಿದ್ದೆಂತದು? ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಉತ್ತರ ಹೇಳುತ್ತಿದ್ದರೋ ಏನೋ.

ಹೋದ ವರ್ಷ ಮಳೆ ಹಿಡಿಯುವ ಮೊದಲು ತೀರಿಕೊಂಡರು. ನಾನು ಅಲ್ಲಿಗೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಅಕ್ಕ ಒಳಗಿನಿಂದ ನೀರು ತಂದುಕೊಟ್ಟು, ಬಾಗಿಲ ಪಕ್ಕ ಕೂತು ಹೇಳಿದರು:

"ಕಡೆಕಡೆಗೆ ಬೆಳಕೂ ಕತ್ತಲೆಯೂ ತಿಳಿಯುತ್ತಿರಲಿಲ್ಲ ಮಗಾ. ಒಂದು ದಿನ, ಬೆಳಗಾಯಿತಾ ಅಕ್ಕ ಅಂತ ಕೇಳಿದ. ಆಯಿತು, ಬಾಗಿಲು ತೆಗೆದೇ ಉಂಟು, ಬಿಸಿಲು ಬಂದಿದೆ ಅಂದೆ. ಒಪ್ಪಲಿಲ್ಲ. ನೀನು ಹೇಳುವುದು ಬೇಡ, ಕೈ ಹಿಡಿ ಅಂದ. ಹೊಸ್ತಿಲವರೆಗೆ ಕರೆತಂದು ಕೂರಿಸಿದೆ. ಬಿಸಿಲು ಬಿದ್ದ ಕಲ್ಲಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಸವರಿದ. ಆಮೇಲೆ, ಹೂಂ, ಉಂಟು ಅಂದ."

ನಾನು ಎದ್ದು ಹೊರಡುವಾಗ ಹೊಸ್ತಿಲಲ್ಲಿ ಬಗ್ಗಿ ಆ ಕಲ್ಲನ್ನು ಮುಟ್ಟಿದೆ. ಮೋಡ ಕವಿದಿತ್ತು. ಕಲ್ಲು ತಣ್ಣಗಿತ್ತು.