ಹದಿನಾಲ್ಕನೇ ನಿಮಿಷದ ಮೌನ

ಬೆಳಗಿನ ಐದೂವರೆ. ಒಂಟಿ ಕೋಣೆಯ ಕಿಟಕಿ ಪಕ್ಕ ಕಂಪ್ಯೂಟರ್ ಮುಂದೆ ಕೂತ ಐವತ್ತೆರಡರ ಈ ಹೆಂಗಸು ಹೆಡ್‌ಫೋನ್ ಏರಿಸಿ ಒಂದು ವಾಕ್ಯ ಕೇಳುತ್ತಾರೆ, ನಿಲ್ಲಿಸುತ್ತಾರೆ, ತಿದ್ದುತ್ತಾರೆ. ಆನ್‌ಲೈನ್ ಪಾಠಗಳಲ್ಲಿ ಮೇಷ್ಟ್ರ ಮಾತು ಪರದೆಯ ಅಡಿಯಲ್ಲಿ ಅಕ್ಷರವಾಗಿ ಓಡುತ್ತದಲ್ಲ, ಅದನ್ನು ಬರೆಯುವುದು ಯಂತ್ರ. ಯಂತ್ರದ ತಪ್ಪು ತಿದ್ದುವುದು ಇವರು. ಪಾಠ ಕಳಿಸುವ ಕಚೇರಿಯವರಿಗೆಲ್ಲ ಇವರು ‘ಕರಡಕ್ಕ’.

“ಮೇಷ್ಟ್ರು ‘ಲಂಬಕೋನ’ ಅಂದ್ರೆ ಇದು ‘ತುಂಬ ಕೋಣ’ ಅಂತ ಬರೆಯತ್ತೆ. ಜೊತೆಗೆ ನಗೋಕೆ ಯಾರೂ ಇಲ್ಲ. ಒಬ್ಬಳೇ ನಕ್ಕು ತಿದ್ತೀನಿ.”

ಇಪ್ಪತ್ತಾರು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಅಲ್ಲಿ ಯಂತ್ರಗಳ ಗದ್ದಲವಿತ್ತು, ಎದುರು ಮೇಜಿನಲ್ಲಿ ಗೆಳತಿಯಿದ್ದಳು. ಅಚ್ಚುಕೂಟ ಬಾಗಿಲು ಹಾಕಿದ ವರ್ಷವೇ ಗಂಡನೂ ತೀರಿಕೊಂಡರು. ಈಗ ದಿನಕ್ಕೆ ಐದು ಪಾಠ, ಒಂದೊಂದೂ ಮುಕ್ಕಾಲು ಗಂಟೆ. ಕಿವಿತುಂಬ ಮಾತು, ಯಾವುದೂ ಇವರೊಂದಿಗೆ ಆಡಿದ್ದಲ್ಲ. ಭಾನುವಾರ ತಂಗಿ ಫೋನ್ ಮಾಡುತ್ತಾಳೆ, ಅಷ್ಟೇ.

ವಿದ್ಯಾರ್ಥಿಗಳು ಪಾಠವನ್ನು ಎಲ್ಲಿ ನಿಲ್ಲಿಸಿದರು, ಎಲ್ಲಿ ಹಿಂದಕ್ಕೆ ಹೋದರು ಎಂಬ ವಿವರವೂ ಇವರ ಪರದೆಗೆ ಬರುತ್ತದೆ. ಹೆಸರಿಲ್ಲ, ಬರೀ ಸಂಖ್ಯೆ. ಕಳೆದ ವರ್ಷ ಒಂದು ಬೆಳಿಗ್ಗೆ, ಮುನ್ನೂರ ಹದಿನೆಂಟನೇ ಸಂಖ್ಯೆಯವರು ಗಣಿತದ ಒಂದು ಪಾಠದ ಹದಿನಾಲ್ಕನೇ ನಿಮಿಷಕ್ಕೆ ಹತ್ತೊಂಬತ್ತು ಸಲ ಮರಳಿದ್ದು ಕಣ್ಣಿಗೆ ಬಿತ್ತು. ಪ್ರತಿ ಸಲವೂ ನೋಡಿದ್ದು ಧ್ವನಿ ಬಂದ್ ಮಾಡಿಕೊಂಡೇ. ಪಾಠ ಹಾಕಿ ನೋಡಿದರೆ, ಮೇಷ್ಟ್ರು ಬೋರ್ಡಿನತ್ತ ತಿರುಗಿ ಗೊಣಗಿದ್ದಾರೆ; ಪರದೆಯ ಅಡಿಯಲ್ಲಿ ನಲವತ್ತು ಸೆಕೆಂಡು ಒಂದಕ್ಷರವೂ ಇಲ್ಲ.

“ಈ ಮಗೂಗೆ ಕಿವಿ ಕೇಳಲ್ವೇನೋ ಅನ್ನಿಸ್ತು. ಆ ಪಾಠ ತಿದ್ದಿದ್ದು ನಾನೇ. ಖಾಲಿ ಬಿಟ್ಟಿದ್ದೂ ನಾನೇ.”

ಕೂಡಲೇ ಮೇಷ್ಟ್ರಿಗೆ ಫೋನ್ ಮಾಡಿದರು. “ಯಾವತ್ತಿಂದೋ ಪಾಠ. ಒಬ್ರಿಗೋಸ್ಕರ ಈಗ ಕೆದಕಬೇಕಾ ಅಕ್ಕ?” ಎಂದರಂತೆ ಅವರು.

“ಆ ಒಬ್ರು ಹತ್ತೊಂಬತ್ತು ಸಲ ಬಂದು ಬಾಗಿಲು ತಟ್ಟಿದಾರೆ ಸರ್.”

ಮೇಷ್ಟ್ರು ಟಿಪ್ಪಣಿ ಹುಡುಕಿ, ಬಿಟ್ಟುಹೋದ ಲೆಕ್ಕದ ಮೂರು ಹಂತಗಳನ್ನು ನಿಧಾನವಾಗಿ ಬರೆಸಿದರು; ಇವರು ಅವನ್ನು ಆ ಖಾಲಿ ಜಾಗಕ್ಕೆ ಸೇರಿಸಿದರು.

ಮರುದಿನ ಆ ವಿದ್ಯಾರ್ಥಿ ಇಪ್ಪತ್ತನೇ ಸಲ ಬಂದು, ಹದಿನಾಲ್ಕನೇ ನಿಮಿಷ ದಾಟಿ, ಪಾಠದ ಕೊನೆ ಮುಟ್ಟಿದ ಗುರುತು ಬಿತ್ತು. ಖುಷಿ ತಡೆಯದೆ ತಂಗಿಗೆ ಹೇಳಿದರೆ ಆಕೆ, “ಯಾರದು?” ಎಂದಳಂತೆ. “ಏನಂತ ಹೇಳ್ಲಿ? ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಬಿಟ್ಟೆ.”

ಅಂದಿನಿಂದ, ಖಾಲಿ ಜಾಗ ಸಿಕ್ಕರೆ ಮೇಷ್ಟ್ರನ್ನು ಕೇಳದೆ ಇವರು ಪಾಠ ಬಿಡುವುದಿಲ್ಲ. ಆ ವಿದ್ಯಾರ್ಥಿ ಎಲ್ಲ ಪಾಠ ಮುಗಿಸಿ ಪಟ್ಟಿಯಿಂದ ಮರೆಯಾಗಿ ಮೂರು ತಿಂಗಳಾಯಿತು.

“ಹೆಸರು ಗೊತ್ತಾಗೋದು ಬೇಡ,” ಎನ್ನುತ್ತಾರೆ, ಮುಂದಿನ ಪಾಠ ತೆರೆಯುತ್ತ. “ಪಾಸಾದ್ರು ಅಂತ ಯಾರಾದ್ರೂ ಹೇಳಿದ್ರೆ ಸಾಕು. ಮಾರ್ಕ್ಸ್ ಎಷ್ಟಾದ್ರೂ ಪರವಾಗಿಲ್ಲ.”